ತರಗತಿ ಮುಗಿದ ಮೇಲೂ ಕ್ಯಾಂಪಸ್ಸಿನಲ್ಲಿ ಇರಬೇಕೆನಿಸಲು ಏನು ಬೇಕು?

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ಕ್ಯಾಂಪಸ್ ವಿಶಾಲವಾಗಿದೆ, ಕಟ್ಟಡಗಳೂ ಹೊಸವು. ಆದರೂ ಕೊನೆಯ ಪೀರಿಯಡ್ ಮುಗಿದ ಅರ್ಧ ಗಂಟೆಯಲ್ಲಿ ಎಲ್ಲ ಖಾಲಿಯಾಗುತ್ತದೆ. ವಿದ್ಯಾರ್ಥಿ ಕ್ಷೇಮ ಸಮಿತಿಗೆ ಈ ವರ್ಷ ಸ್ವಲ್ಪ ಹಣ ಬಂದಿದೆ. ಬಯಲು ರಂಗಮಂದಿರ ಕಟ್ಟೋಣ ಎಂದು ಕೆಲವರು, ಕಾರಂಜಿ ಇರುವ ಉದ್ಯಾನ ಮಾಡೋಣ ಎಂದು ಕೆಲವರು ಹೇಳುತ್ತಿದ್ದಾರೆ. ವಿದ್ಯಾರ್ಥಿಗಳಿಗೆ ಕ್ಯಾಂಪಸ್ ಹಿತವೆನಿಸಲು ನಿಜಕ್ಕೂ ಏನು ಬೇಕು? ಎಲ್ಲಿಂದ ಶುರು ಮಾಡಬೇಕು?

ಉತ್ತರ: ರಂಗಮಂದಿರ, ಕಾರಂಜಿ ಎರಡನ್ನೂ ಸದ್ಯಕ್ಕೆ ಬದಿಗಿಡಿ. ನೆರಳಿಲ್ಲದ ಬಯಲು ರಂಗಮಂದಿರ ವರ್ಷದಲ್ಲಿ ಕೆಲವೇ ಕಾರ್ಯಕ್ರಮಗಳ ದಿನ ತುಂಬುತ್ತದೆ, ಉಳಿದ ದಿನವೆಲ್ಲ ಬಿಸಿಲಲ್ಲಿ ಕಾದು ಬಿದ್ದಿರುತ್ತದೆ. ಕಾರಂಜಿಗೆ ಪಂಪು, ಫಿಲ್ಟರು, ಆಗಾಗ ತೊಟ್ಟಿ ತೊಳೆಯುವ ಆಳು ಬೇಕು. ಇವುಗಳಲ್ಲಿ ಒಂದು ಕೈಕೊಟ್ಟರೂ ಉಳಿಯುವುದು ಪಾಚಿ ಕಟ್ಟಿದ ನೀರು. ಪಾಠ ಮುಗಿದ ಕೂಡಲೇ ವಿದ್ಯಾರ್ಥಿಗಳು ಹೊರಟುಹೋಗುವುದು ಕ್ಯಾಂಪಸ್ಸಿನಲ್ಲಿ ನೋಡಲು ಏನೂ ಇಲ್ಲವೆಂದಲ್ಲ. ಬಿಡುವಿನ ಹೊತ್ತು ಕಳೆಯಲು ಅಲ್ಲಿ ಜಾಗವಿರುವುದಿಲ್ಲ. ಜಾಗವಿದ್ದರೆ ನೆರಳಿರುವುದಿಲ್ಲ, ನೀರಿರುವುದಿಲ್ಲ, ಶೌಚಾಲಯಕ್ಕೆ ಬೀಗ ಬಿದ್ದಿರುತ್ತದೆ, ಜೊತೆಗೆ ಯಾರೂ ಇರುವುದಿಲ್ಲ. ಹಣ ಹೋಗಬೇಕಾದದ್ದು ಈ ಬಿಡುವಿನ ಹೊತ್ತಿಗೆ. ಅದರಲ್ಲೂ ಅರ್ಧದಷ್ಟು ಕೆಲಸಕ್ಕೆ ಹಣವೇ ಬೇಡ.

ಮೊದಲ ಕೆಲಸ ಎಣಿಕೆ. 'ನಿಮಗೇನು ಬೇಕು' ಎಂದು ಫಾರಂ ಹಂಚಿದರೆ ಈಜುಕೊಳ, ಜಿಮ್, ಸಿನಿಮಾ ಎಂದು ಬರೆದುಕೊಡುತ್ತಾರೆ. ಅದು ಆಸೆಗಳ ಪಟ್ಟಿ. ಯಾರು ಎಲ್ಲಿ ಇರುತ್ತಾರೆ ಎಂಬುದನ್ನು ಆ ಫಾರಂ ಹೇಳುವುದಿಲ್ಲ. ಕ್ಯಾಂಪಸ್ ನಕ್ಷೆಯಲ್ಲಿ ಹದಿನೈದು ಇಪ್ಪತ್ತು ತಾಣ ಗುರುತಿಸಿ: ಪ್ರತಿ ವಿಭಾಗದ ಮುಂಬಾಗಿಲು, ಗ್ರಂಥಾಲಯದ ಮೆಟ್ಟಿಲು, ಕ್ಯಾಂಟೀನ್ ಅಂಗಳ, ಬಸ್ ನಿಲ್ಲುವ ಜಾಗ, ದೊಡ್ಡ ಮರಗಳ ಬುಡ. ಒಬ್ಬ ವಿದ್ಯಾರ್ಥಿ ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ಗಂಟೆಗೊಮ್ಮೆ ಒಂದೇ ಹಾದಿಯಲ್ಲಿ ಸುತ್ತು ಹಾಕಿ ಐದು ಸಂಗತಿ ಬರೆಯಲಿ: ಎಷ್ಟು ಮಂದಿ ಕೂತಿದ್ದಾರೆ, ಎಷ್ಟು ಮಂದಿ ನಿಂತಿದ್ದಾರೆ, ಒಬ್ಬರೇ ಇದ್ದಾರೋ ಗುಂಪಿದೆಯೋ, ಹುಡುಗಿಯರೆಷ್ಟು, ಅಲ್ಲಿ ನೆರಳಿದೆಯೋ ಬಿಸಿಲೋ. ಸುಮ್ಮನೆ ಹಾದುಹೋಗುವವರನ್ನು ಎಣಿಸಬಾರದು; ಸಾಮಾನ್ಯವಾಗಿ ಎಣಿಕೆ ಕೆಡುವುದು ಇಲ್ಲೇ. ಸದಾ ಗಿಜಿಗುಡುವ ಕಾರಿಡಾರಿನಲ್ಲಿ ನಿಂತು ಮಾತನಾಡುವವರು ಒಬ್ಬರೂ ಇಲ್ಲದಿರಬಹುದು. ಪರೀಕ್ಷೆಯ ವಾರ, ಉತ್ಸವದ ವಾರ ಬೇಡ. ಸಾಧಾರಣ ವಾರದ ಎರಡು ದಿನ ಸಾಕು.

ಈ ನಕ್ಷೆಯಲ್ಲಿ ಜನ ಎಲ್ಲೆಲ್ಲಿ ನೆಲದ ಮೇಲೆ, ಮೆಟ್ಟಿಲ ಮೇಲೆ, ಪಾರ್ಕಿಂಗ್ ಅಂಚಿನ ಮೇಲೆ ಕೂತಿದ್ದಾರೆ ಎಂಬುದಕ್ಕೆ ಬೇರೆ ಬಣ್ಣ ಹಾಕಿ. ಅನನುಕೂಲವಿದ್ದರೂ ಅವರು ತಾವಾಗಿ ಆರಿಸಿಕೊಂಡ ಜಾಗಗಳು ಅವು. ಮೊದಲ ಬೆಂಚು ಹೋಗಬೇಕಾದದ್ದು ಅಲ್ಲಿಗೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯಕ್ಕೆ 1970ರ ದಶಕದಲ್ಲಿ ರೂಪಿಸಿದ ಯೋಜನೆಯಲ್ಲಿ ಇಂಥದೇ ಒಂದು ನಿಯಮವಿತ್ತು: ಕ್ಯಾಂಪಸ್ಸಿನ ಯಾವ ಜಾಗ ಜೀವಂತವಾಗಿದೆ, ಯಾವುದು ಸತ್ತಿದೆ ಎಂದು ಪ್ರತಿ ವರ್ಷ ನಕ್ಷೆಯ ಮೇಲೆ ಗುರುತಿಸಬೇಕು. ಒಮ್ಮೆಲೇ ದೊಡ್ಡ ಕಟ್ಟಡಕ್ಕೆ ಹಣ ಸುರಿಯುವುದಕ್ಕಿಂತ ಸಣ್ಣ ಸಣ್ಣ ದುರಸ್ತಿಗಳಿಗೆ ಪಾಲು ಕಾದಿಡಬೇಕು ಎಂಬುದೂ ಅದರಲ್ಲಿತ್ತು. ನಿಮ್ಮ ಸಮಿತಿ ಇಷ್ಟನ್ನು ಒಪ್ಪಿಕೊಂಡರೂ ಬಹಳಷ್ಟು ಕೆಲಸ ಆದಂತೆ.

ಎರಡನೆಯದು ಟೈಮ್‌ಟೇಬಲ್. ಕ್ಯಾಂಪಸ್ ಬಗ್ಗೆ ಮಾತಾಡುವಾಗ ಇದನ್ನು ಯಾರೂ ಎತ್ತುವುದಿಲ್ಲ, ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಇದೇ. ಬೇರೆ ಬೇರೆ ವಿಭಾಗದವರಿಗೆ ಬಿಡುವು ಬೇರೆ ಬೇರೆ ಹೊತ್ತಿಗೆ ಸಿಗುವಂತಿದ್ದರೆ ನಾಟಕ ತಂಡಕ್ಕೋ ಚದುರಂಗದ ಕೂಟಕ್ಕೋ ಜನ ಸೇರುವುದು ಅಸಾಧ್ಯ. ವಾರದಲ್ಲಿ ಒಂದು ದಿನ, ಸಾಧ್ಯವಾದರೆ ಎರಡು ದಿನ, ಇಡೀ ವಿಶ್ವವಿದ್ಯಾಲಯಕ್ಕೆ ಒಂದೇ ವೇಳೆಯಲ್ಲಿ ಒಂದು ಗಂಟೆ ಬಿಡುವು ಕೊಡಿ. ಅದು ದಿನದ ಕೊನೆಯ ಪೀರಿಯಡ್ ಆಗಬಾರದು. ಹಾಗಾದರೆ ಅದು ಬೇಗ ಮನೆಗೆ ಹೋಗುವ ಸೌಲಭ್ಯ ಆಗಿಬಿಡುತ್ತದೆ. ಮೊದಲ ಪೀರಿಯಡ್ ಆದರೆ ತಡವಾಗಿ ಬರುವ ಸೌಲಭ್ಯ. ವಾರದ ನಡುವಿನ ದಿನ, ಮಧ್ಯಾಹ್ನದ ಒಂದು ತರಗತಿ ಮುಂದಿರುವಂಥ ಹೊತ್ತು ಸರಿ. ಅಡ್ಡಿ ಬರುವುದು ಮೂರು ಗಂಟೆ ನಡೆಯುವ ಲ್ಯಾಬ್‌ಗಳಿಂದ. ಅವನ್ನು ಬಿಡುವಿಗಿಂತ ಮುಂಚೆ ಮುಗಿಯುವಂತೆ ಅಥವಾ ಆಮೇಲೆ ಶುರುವಾಗುವಂತೆ ಮೊದಲೇ ಕೂರಿಸಿ, ಮಿಕ್ಕ ತರಗತಿಗಳನ್ನು ನಂತರ ತುಂಬಬೇಕು. ಉಲ್ಟಾ ಮಾಡಿದರೆ ವಿಜ್ಞಾನದ ವಿದ್ಯಾರ್ಥಿಗಳು ಪ್ರತಿ ವಾರವೂ ಹೊರಗೇ ಉಳಿಯುತ್ತಾರೆ. ಇನ್ನೊಂದು ಅಪಾಯವೂ ಇದೆ. ಮೂರನೇ ವಾರದ ಹೊತ್ತಿಗೆ ಯಾರೋ ಒಬ್ಬ ಅಧ್ಯಾಪಕರು ಆ ಗಂಟೆಯಲ್ಲಿ 'ಎಕ್ಸ್‌ಟ್ರಾ ಕ್ಲಾಸ್' ಇಡುತ್ತಾರೆ. ಕುಲಸಚಿವರ ಸುತ್ತೋಲೆಯಲ್ಲಿ ಇದಕ್ಕೆ ಸ್ಪಷ್ಟ ನಿಷೇಧ ಇರದಿದ್ದರೆ ಒಂದೇ ಸೆಮಿಸ್ಟರಿನಲ್ಲಿ ಆ ಗಂಟೆ ಮಾಯವಾಗುತ್ತದೆ.

ಟೈಮ್‌ಟೇಬಲ್ ಮಾಡುವಾಗ ದೂರವನ್ನೂ ಲೆಕ್ಕ ಹಾಕಿ. ಸಾಧಾರಣ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 80 ಮೀಟರ್. ತರಗತಿಗಳ ನಡುವೆ 10 ನಿಮಿಷ ಇದ್ದರೆ ಕೋಣೆಯಿಂದ ಹೊರಬರಲು, ಮೆಟ್ಟಿಲು ಇಳಿಯಲು, ಇನ್ನೊಂದು ಕಡೆ ಜಾಗ ಹಿಡಿಯಲು ನಾಲ್ಕು ನಿಮಿಷ ಹೋಗುತ್ತದೆ. ಉಳಿದ ಆರು ನಿಮಿಷಕ್ಕೆ 480 ಮೀಟರ್. ಒಂದೇ ಸೆಕ್ಷನ್ನಿನ ಬೆನ್ನುಬೆನ್ನಿನ ತರಗತಿಗಳು ಇದಕ್ಕಿಂತ ದೂರ ಇದ್ದರೆ ವಿದ್ಯಾರ್ಥಿಗಳು ದಿನವಿಡೀ ಓಡುತ್ತಲೇ ಇರುತ್ತಾರೆ, ದಾರಿಯಲ್ಲಿ ನಿಂತು ಒಂದು ಮಾತಾಡುವ ಪ್ರಶ್ನೆಯೇ ಬರುವುದಿಲ್ಲ. ಗಾಲಿಕುರ್ಚಿಯಲ್ಲಿ ಬರುವವರಿಗೆ ಲಿಫ್ಟಿಗೆ ಕಾಯುವ ಹೊತ್ತನ್ನೂ ಸೇರಿಸಬೇಕು. ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಬಾರದು: 60 ಸೆಂ.ಮೀ. ಏರಲು 7.2 ಮೀಟರ್ ಉದ್ದ ಬೇಕು. ಜಾಗ ಸಾಲದೆಂದು ಅರ್ಧ ಉದ್ದಕ್ಕೆ ಕಟ್ಟಿದ ರ‍್ಯಾಂಪು ಇಲ್ಲದ್ದಕ್ಕಿಂತ ಕೆಟ್ಟದ್ದು, ಇಳಿಯುವಾಗ ಕುರ್ಚಿ ಕೈತಪ್ಪುತ್ತದೆ.

ಇನ್ನು ಕೂರುವ ಜಾಗ. ಸಾರ್ವಜನಿಕ ಜಾಗಗಳಲ್ಲಿ ಜನ ಹೇಗೆ ಕೂರುತ್ತಾರೆ ಎಂದು ನ್ಯೂಯಾರ್ಕಿನಲ್ಲಿ 1970ರ ದಶಕದಲ್ಲಿ ಕ್ಯಾಮೆರಾ ಇಟ್ಟು ಗಮನಿಸಿದವರು ವಿಲಿಯಂ ವೈಟ್. ಜನ ಕೂರುವುದು ಕೂರಲು ಜಾಗ ಇರುವಲ್ಲಿ ಎಂಬ ಸರಳ ಸಂಗತಿ ಅವರಿಗೆ ಕಂಡಿತು. ಆ ನಗರದ 1975ರ ನಿಯಮ ತೆರೆದ ಅಂಗಳದ ಪ್ರತಿ 30 ಚದರ ಅಡಿಗೆ ಒಂದು ಅಡಿ ಉದ್ದದ ಆಸನ ಇರಬೇಕೆಂದಿತು. ನಿಮ್ಮಲ್ಲಿ 300 ಚದರ ಮೀಟರಿನ ಒಂದು ಅಂಗಳವಿದ್ದರೆ ಆ ಲೆಕ್ಕದಲ್ಲಿ ಸುಮಾರು 33 ಮೀಟರ್ ಆಸನ, ಅಂದರೆ ತಲೆಗೆ 60 ಸೆಂ.ಮೀ.ನಂತೆ ಐವತ್ತೈದು ಮಂದಿಗೆ ಜಾಗ. ಟೇಪು ಹಿಡಿದು ಅಳೆದು ನೋಡಿ; ಅಂಥ ಅಂಗಳದಲ್ಲಿ ನಾಲ್ಕು ಬೆಂಚು ಸಿಕ್ಕರೆ ಹೆಚ್ಚು.

ಬೆಂಚಿನ ಎತ್ತರ 40ರಿಂದ 45 ಸೆಂ.ಮೀ., ಅಗಲವೂ ಅಷ್ಟೇ. ಎರಡೂ ಕಡೆಯಿಂದ ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಕಟ್ಟೆಯಾದರೆ ಅಗಲ 75ರಿಂದ 90 ಸೆಂ.ಮೀ. ಬೇಕು, 50 ಸೆಂ.ಮೀ. ಮಾಡಿದರೆ ಒಂದೇ ಕಡೆಯವರು ಕೂರುತ್ತಾರೆ, ಕಲ್ಲು ದಂಡ. ಉದ್ದಕ್ಕೆ ಒಂದೇ ದಿಕ್ಕಿಗೆ ಮುಖ ಮಾಡಿದ ಬೆಂಚು ಇಬ್ಬರಿಗೆ ಸರಿ, ನಾಲ್ಕೈದು ಜನಕ್ಕೆ ಕೆಲಸಕ್ಕೆ ಬಾರದು: ತುದಿಯವನು ಬಗ್ಗಿ ಬಗ್ಗಿ ಮಾತಾಡಬೇಕು, ಕೊನೆಗೆ ಇಬ್ಬರು ಎದುರು ನಿಲ್ಲುತ್ತಾರೆ. ಎರಡು ಬೆಂಚನ್ನು 'ಎಲ್' ಆಕಾರದಲ್ಲಿ ಮೂಲೆಗೆ ಸೇರಿಸಿ ಹಾಕಿದರೆ ಅದೇ ಖರ್ಚಿನಲ್ಲಿ ಐದು ಮಂದಿಯ ಕೂಟ ಆಗುತ್ತದೆ. ಬೆನ್ನ ಹಿಂದೆ ಗೋಡೆ ಅಥವಾ ಗಿಡದ ಸಾಲು, ಕಣ್ಣೆದುರು ಜನ ಓಡಾಡುವ ದಾರಿ ಇರಲಿ. ಹುಲ್ಲುಹಾಸಿನ ನಟ್ಟನಡುವೆ ಒಂಟಿಯಾಗಿ ಹಾಕಿದ ಬೆಂಚಿನ ಮೇಲೆ ಕೂರಲು ಎಲ್ಲರಿಗೂ ಮುಜುಗರ. ಇದಕ್ಕೆಲ್ಲ ಮೇಲಾದದ್ದು ಎತ್ತಿ ಸರಿಸಬಹುದಾದ ಕುರ್ಚಿ. ಕೂರುವ ಮುನ್ನ ಜನ ಕುರ್ಚಿಯನ್ನು ಒಂದೆರಡು ಅಂಗುಲವಾದರೂ ಸರಿಸುತ್ತಾರೆ ಎಂಬುದನ್ನು ವೈಟ್ ಗಮನಿಸಿದ್ದರು. ಬಿಸಿಲು, ಗಾಳಿ, ಜೊತೆಗಾರರು ಎಲ್ಲಕ್ಕೂ ಅದು ಹೊಂದಿಕೊಳ್ಳುತ್ತದೆ. ಕಳುವಾಗುತ್ತದೆ ಎಂಬ ಭಯವಿದ್ದರೆ ಕಬ್ಬಿಣದ ಭಾರದ ಕುರ್ಚಿ ತಂದು, ಮೊದಲು ಇಪ್ಪತ್ತು ಮಾತ್ರ ಹಾಕಿ ನೋಡಿ.

ನೆರಳು ಇಲ್ಲದ ಆಸನ ಲೆಕ್ಕಕ್ಕೆ ಇಲ್ಲ. ಬೆಳಿಗ್ಗೆ 11, ಮಧ್ಯಾಹ್ನ 1, ಸಂಜೆ 4ಕ್ಕೆ ಅಂಗಳದಲ್ಲಿ ನೆರಳು ಎಲ್ಲಿ ಬೀಳುತ್ತದೆ ಎಂದು ಸೀಮೆಸುಣ್ಣದಿಂದ ಗೆರೆ ಎಳೆದು, ಎರಡು ಹೊತ್ತಾದರೂ ನೆರಳಿರುವಲ್ಲಿ ಬೆಂಚು ಹಾಕಿ. ಇಲ್ಲಿ ಒಂದು ಎಚ್ಚರಿಕೆ. ಇರುವ ಮರದ ಸುತ್ತ ಕಟ್ಟೆ ಕಟ್ಟುವಾಗ ಗುತ್ತಿಗೆದಾರರು ಸಾಮಾನ್ಯವಾಗಿ ಬುಡದ ಸುತ್ತ ಗೋಡೆ ಎಬ್ಬಿಸಿ, ಒಳಗೆ ಎರಡಡಿ ಮಣ್ಣು ತುಂಬಿ, ಮೇಲೆ ಸಿಮೆಂಟು ಬಳಿದುಬಿಡುತ್ತಾರೆ. ಉಸಿರಾಡುವ ಬೇರುಗಳು ಮೇಲ್ಪದರದಲ್ಲೇ ಇರುತ್ತವೆ, ಅವಕ್ಕೆ ಗಾಳಿ ನೀರು ಸಿಗುವುದಿಲ್ಲ. ಮಣ್ಣಲ್ಲಿ ಹೂತ ಕಾಂಡದ ತೊಗಟೆಯೂ ಕೊಳೆಯತೊಡಗುತ್ತದೆ. ಮರ ತಕ್ಷಣ ಸಾಯುವುದಿಲ್ಲ. ಕೆಲವು ವರ್ಷಗಳಲ್ಲಿ ತುದಿಕೊಂಬೆ ಒಣಗಲು ಶುರುವಾಗುತ್ತದೆ, ಆಗ ಯಾರೂ ಕಟ್ಟೆಯ ಮೇಲೆ ಅನುಮಾನ ಪಡುವುದಿಲ್ಲ. ಬುಡದಿಂದ ಕನಿಷ್ಠ ಒಂದು ಮೀಟರ್ ಮಣ್ಣು ತೆರೆದಿರಲಿ, ಇರುವ ನೆಲಮಟ್ಟ ಏರಿಸಬೇಡಿ. ಪೂರ್ತಿ ಗೋಡೆಯ ಪಾಯ ತೋಡಿದರೆ ಬೇರು ಕತ್ತರಿಸಿಹೋಗುತ್ತದೆ, ಆದ್ದರಿಂದ ಬಿಡಿ ಕಂಬಗಳ ಮೇಲೆ ಕಲ್ಲುಚಪ್ಪಡಿ ಕೂರಿಸುವುದು ಒಳ್ಳೆಯದು.

ಅಂದಹಾಗೆ, ಇಷ್ಟೆಲ್ಲ ಮಾಡಿದ ಮೇಲೆ ಕಾವಲುಗಾರರಿಗೆ ಏನು ಹೇಳಿದ್ದೀರಿ ಎಂದು ವಿಚಾರಿಸಿ. 'ಗುಂಪು ಸೇರಲು ಬಿಡಬೇಡಿ' ಎಂಬ ಹಳೆಯ ಮೌಖಿಕ ಆದೇಶ ಇನ್ನೂ ಜಾರಿಯಲ್ಲಿದ್ದರೆ ಎಷ್ಟು ಬೆಂಚು ಹಾಕಿದರೂ ವ್ಯರ್ಥ. ಹುಡುಗ ಹುಡುಗಿ ಒಟ್ಟಿಗೆ ಕೂತರೆ ಎಬ್ಬಿಸುವ ಚಾಳಿಯೂ ಅಷ್ಟೇ.

ಕ್ಯಾಂಟೀನಿಗೆ ಲೆಕ್ಕ ಬೇಕು, ಅಲಂಕಾರ ಆಮೇಲೆ. ಊಟದ ಒಂದು ಗಂಟೆಯಲ್ಲಿ 600 ಮಂದಿ ಬರುತ್ತಾರೆ ಎನ್ನಿ: ನಿಮಿಷಕ್ಕೆ ಹತ್ತು. ಒಬ್ಬರಿಗೆ ಬಡಿಸಲು 20 ಸೆಕೆಂಡ್ ಹಿಡಿದರೆ ಒಂದು ಕೌಂಟರ್ ನಿಮಿಷಕ್ಕೆ ಮೂವರನ್ನು ಕಳಿಸುತ್ತದೆ. ಮೂರು ಕೌಂಟರಿದ್ದರೆ ಒಂಬತ್ತು. ಸಾಲು ನಿಮಿಷಕ್ಕೆ ಒಬ್ಬರಂತೆ ಬೆಳೆದು ಗಂಟೆಯ ಕೊನೆಗೆ ಅರವತ್ತಾಗಿರುತ್ತದೆ. ನಾಲ್ಕಿದ್ದರೆ ಕರಗುತ್ತದೆ. ಆದರೆ ಜನ ಸಮನಾಗಿ ಬರುವುದಿಲ್ಲ. ಅರ್ಧದಷ್ಟು ಮಂದಿ ಮೊದಲ 15 ನಿಮಿಷದಲ್ಲೇ ನುಗ್ಗಿದರೆ ನಾಲ್ಕು ಕೌಂಟರಿನ ಮುಂದೆಯೂ 120 ಮಂದಿ ನಿಂತಿರುತ್ತಾರೆ, ಕೊನೆಯವನಿಗೆ ಹತ್ತು ನಿಮಿಷದ ಕಾಯುವಿಕೆ. ಇದಕ್ಕೆ ಐದನೇ ಕೌಂಟರಿಗಿಂತ ಅಗ್ಗದ ಮದ್ದು, ಅರ್ಧ ವಿಭಾಗಗಳ ಊಟದ ಬಿಡುವನ್ನು ಅರ್ಧ ಗಂಟೆ ಮುಂದೂಡುವುದು. ಹಣ ತೆಗೆದುಕೊಳ್ಳುವ ಜಾಗ ಬೇರೆ, ಬಡಿಸುವ ಜಾಗ ಬೇರೆ ಇರಲಿ. ಒಬ್ಬೊಬ್ಬರು ಸರಾಸರಿ 20 ನಿಮಿಷ ಕೂತರೆ ಒಂದೇ ಹೊತ್ತಿಗೆ 200 ಆಸನ ಬೇಕು. ನಾಲ್ವರ ಮೇಜಿನಲ್ಲಿ ಇಬ್ಬರೇ ಕೂರುವುದು ಸಾಮಾನ್ಯವಾದ್ದರಿಂದ 250 ಇಟ್ಟುಕೊಳ್ಳಿ. ಊಟದ ಹೊತ್ತು ಕಳೆದ ಮೇಲೆ ಕ್ಯಾಂಟೀನಿಗೆ ಬೀಗ ಹಾಕಬೇಡಿ. ಮೇಜು, ಫ್ಯಾನು, ಬೆಳಕು ಇರುವ ಅಷ್ಟು ದೊಡ್ಡ ಕೋಣೆ ಮಧ್ಯಾಹ್ನವೆಲ್ಲ ಬರಿದೇ ಬಿದ್ದಿರುವುದು ನಷ್ಟ. ಒಲೆ ಆರಿದರೂ ಬಾಗಿಲು ತೆರೆದಿರಲಿ.

ಕುಡಿಯುವ ನೀರು, ಪ್ಲಗ್ ಪಾಯಿಂಟ್, ವೈಫೈ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದುವ ಮೇಜಿನ ಪ್ರತಿ ಆಸನಕ್ಕೂ ಒಂದು ಪ್ಲಗ್ ಇರಲಿ. ಇಲ್ಲದಿದ್ದರೆ ಗೋಡೆ ಪಕ್ಕದ ಸೀಟುಗಳು ತುಂಬಿ ನಡುವಿನವು ಖಾಲಿ ಉಳಿಯುತ್ತವೆ, ವೈರುಗಳು ಕಾಲಿಗೆ ತೊಡರುತ್ತವೆ. ವೈಫೈ ಸಿಗ್ನಲ್ ತುಂಬಿದ್ದೂ ನಿಧಾನವಾಗಿದ್ದರೆ ಒಂದೇ ಆಕ್ಸೆಸ್ ಪಾಯಿಂಟಿಗೆ (ವೈಫೈ ಹಂಚುವ ಪೆಟ್ಟಿಗೆ) ಹೆಚ್ಚು ಮಂದಿ ಅಂಟಿಕೊಂಡಿದ್ದಾರೆ ಎಂದು ಅನುಮಾನಿಸಿ. ಒಂದಕ್ಕೆ ಏಕಕಾಲಕ್ಕೆ 30ರಿಂದ 50 ಸಾಧನ ಎಂದು ಲೆಕ್ಕ ಹಿಡಿಯಿರಿ, ಒಬ್ಬರ ಬಳಿ ಫೋನು, ಲ್ಯಾಪ್‌ಟಾಪ್ ಎರಡೂ ಇರುತ್ತವೆ ಎಂಬುದನ್ನು ಮರೆಯಬೇಡಿ.

ಶೌಚಾಲಯದ ಬಗ್ಗೆ ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ಕ್ಯಾಂಪಸ್ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಅದೇ. ಕಟ್ಟಡಗಳಿಗೆ ಐದಕ್ಕೆ ಬೀಗ ಬಿದ್ದರೆ ಶೌಚಾಲಯಕ್ಕೂ ಐದಕ್ಕೇ ಬೀಗ. ಗ್ರಂಥಾಲಯ ಎಂಟರವರೆಗೆ ತೆರೆದಿದ್ದರೂ ಹುಡುಗಿಯರು ಐದೂವರೆಗೆ ಹೊರಡುತ್ತಾರೆ, ಆಮೇಲೆ 'ಹುಡುಗಿಯರಿಗೆ ಸಂಜೆಯ ಚಟುವಟಿಕೆಗಳಲ್ಲಿ ಆಸಕ್ತಿ ಇಲ್ಲ' ಎಂದು ವರದಿ ಬರೆಯಲಾಗುತ್ತದೆ. ಮಹಿಳೆಯರಿಗೆ ಹಿಡಿಯುವ ಸಮಯ ಹೆಚ್ಚು, ಹಾಗಾಗಿ ಗಂಡಸರಿಗೂ ಹೆಂಗಸರಿಗೂ ಒಂದೇ ಅಳತೆಯ ಕೋಣೆ ಕೊಟ್ಟರೆ ಸಾಲು ಬೆಳೆಯುವುದು ಒಂದೇ ಕಡೆ. ಸ್ತ್ರೀಯರ ಕಡೆ ಎರಡರಷ್ಟು ಕಮೋಡ್ ಇರಬೇಕು ಎಂಬುದು ಬಳಕೆಯಲ್ಲಿರುವ ಒಳ್ಳೆಯ ಅಂದಾಜು. ಒಳಗಿನಿಂದ ಬೀಳುವ ಚಿಲಕ, ಬ್ಯಾಗು ನೇತುಹಾಕಲು ಕೊಕ್ಕೆ, ಮುಚ್ಚಳವಿರುವ ಕಸದ ಡಬ್ಬಿ, ನೀರು. ಈ ನಾಲ್ಕನ್ನು ದಿನಕ್ಕೆ ಮೂರು ಬಾರಿ ನೋಡಿ ಸಹಿ ಹಾಕುವ ಹಾಳೆ ಬಾಗಿಲ ಹಿಂದೆ ಇರಲಿ.

ಎಲ್ಲ ಕಟ್ಟಡಗಳನ್ನೂ ರಾತ್ರಿಯವರೆಗೆ ತೆರೆದಿಡಲು ಆಗದು. ಒಂದನ್ನು ಆರಿಸಿಕೊಳ್ಳಿ, ಅದು ಬಸ್ ನಿಲ್ದಾಣಕ್ಕೋ ಮುಖ್ಯದ್ವಾರಕ್ಕೋ ಹತ್ತಿರ ಇರಲಿ. ಅದರ ನೆಲಮಹಡಿ ಒಂಬತ್ತರವರೆಗೆ ತೆರೆದಿರಲಿ, ಒಳಗೆ ಶೌಚಾಲಯ, ನೀರು, ಮೇಜು ಇರಲಿ, ಬಾಗಿಲಲ್ಲಿ ಕಾವಲು ಇರಲಿ. ಅಲ್ಲಿಂದ ಗೇಟಿನವರೆಗಿನ ಒಂದು ದಾರಿಯನ್ನು ಸರಿಯಾಗಿ ಬೆಳಗಿಸಿ. ಇಲ್ಲಿ ಪ್ರಖರತೆಗಿಂತ ಸಮನಾದ ಬೆಳಕು ಮುಖ್ಯ: ಸರಾಸರಿ 10 ಲಕ್ಸ್ (ನೆಲದ ಮೇಲೆ ಬೀಳುವ ಬೆಳಕಿನ ಅಳತೆ) ಇದ್ದು, ಅತಿ ಮಬ್ಬಾದ ಕಡೆಯೂ 2–3 ಲಕ್ಸ್ ಸಿಕ್ಕರೆ ಎದುರು ಬರುವವರ ಮುಖ ಗುರುತಾಗುತ್ತದೆ. ಎತ್ತರದ ಕಂಬದ ಒಂದು ಫ್ಲಡ್‌ಲೈಟ್ ಕಣ್ಣು ಕುಕ್ಕಿ ಅದರ ಪಕ್ಕದ ಕತ್ತಲೆಯನ್ನು ಇನ್ನಷ್ಟು ಗಾಢ ಮಾಡುತ್ತದೆ. ನಾಲ್ಕೈದು ಮೀಟರ್ ಎತ್ತರದ ಕಂಬಗಳು 15–20 ಮೀಟರಿಗೆ ಒಂದರಂತೆ ಬೇಕು, ದೀಪ ಮುಚ್ಚಿದ ಕೊಂಬೆಗಳನ್ನು ವರ್ಷಕ್ಕೊಮ್ಮೆ ಸವರಬೇಕು.

ಗ್ರಂಥಾಲಯದಲ್ಲಿ ಮಾತನಾಡಿದರೆ ಬೈಗುಳ, ಕಾರಿಡಾರಿನಲ್ಲಿ ಕೂತರೆ ಬೈಗುಳ, ಹಾಗಿದ್ದರೆ ಐದು ಜನ ಸೇರಿ ಪ್ರಾಜೆಕ್ಟ್ ಮಾಡುವುದೆಲ್ಲಿ? ನಾಲ್ಕರಿಂದ ಆರು ಮಂದಿ ಹಿಡಿಸುವ ಸಣ್ಣ ಕೋಣೆಗಳು ಬೇಕು. ಬಾಗಿಲಿಗೆ ಗಾಜು, ಒಳಗೆ ಬಿಳಿ ಬೋರ್ಡು. ಒಂದು ಗುಂಪಿಗೆ ದಿನಕ್ಕೆ ಎರಡು ಗಂಟೆ, 15 ನಿಮಿಷದಲ್ಲಿ ಬಾರದಿದ್ದರೆ ಕೋಣೆ ಮುಂದಿನವರಿಗೆ. ಈ ಕೊನೆಯ ನಿಯಮ ಇಲ್ಲದಿದ್ದರೆ ಚುರುಕಿನವರು ತಿಂಗಳಿಡೀ ಕಾದಿರಿಸಿಟ್ಟುಕೊಂಡು, ಕೋಣೆಗಳು ಕಾಗದದ ಮೇಲೆ ತುಂಬಿ ನೋಟಕ್ಕೆ ಖಾಲಿ ಇರುತ್ತವೆ.

ಜಾಗ, ಹೊತ್ತು ಎರಡೂ ಇದ್ದರೂ ಜೊತೆಗೆ ಯಾರೂ ಇಲ್ಲದವನು ಮನೆಗೇ ಹೋಗುತ್ತಾನೆ. ಸ್ನೇಹದ ಬಗ್ಗೆ ಹಳೆಯದಾದರೂ ಇಂದಿಗೂ ಉಪಯೋಗಕ್ಕೆ ಬರುವ ಒಂದು ಅಧ್ಯಯನವಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿವಾಹಿತ ವಿದ್ಯಾರ್ಥಿಗಳ ವಸತಿಯಲ್ಲಿ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ನಡೆಸಿ 1950ರಲ್ಲಿ ಪ್ರಕಟಿಸಿದ್ದು ಅದು. ಒಂದೇ ಮಹಡಿಯಲ್ಲಿ ಪಕ್ಕದ ಮನೆಯವರನ್ನು ಆಪ್ತರೆಂದು ಹೆಸರಿಸಿದ ಪ್ರಮಾಣ ಶೇ. 41, ಒಂದು ಮನೆ ದಾಟಿದರೆ ಶೇ. 22, ಮಹಡಿಯ ಆಚೆ ತುದಿಯವರಾದರೆ ಶೇ. 10. ಮೆಟ್ಟಿಲ ಬಳಿ ಇದ್ದವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರು ಹೆಚ್ಚು. ಮತ್ತೆ ಮತ್ತೆ ಎದುರಾಗುವುದೇ ಸ್ನೇಹದ ಮೊದಲ ಹೆಜ್ಜೆ. ಹಾಗಾಗಿ ಹೊಸಬರಿಗೆ ಸಭಾಂಗಣದಲ್ಲಿ ಒಂದು ದಿನದ ಭಾಷಣ ಕೊಟ್ಟು ಕೈತೊಳೆದುಕೊಳ್ಳಬೇಡಿ. ಹತ್ತು ಹನ್ನೆರಡು ಮಂದಿಯ ಗುಂಪು ಮಾಡಿ, ಇಬ್ಬರು ಹಿರಿಯ ವಿದ್ಯಾರ್ಥಿಗಳನ್ನು ಜೊತೆ ಕೊಟ್ಟು, ಆರು ವಾರ ಒಂದೇ ದಿನ ಒಂದೇ ಜಾಗದಲ್ಲಿ ಸೇರಿಸಿ. ವೈವಿಧ್ಯಕ್ಕೆಂದು ವಾರವಾರ ಗುಂಪು ಬದಲಿಸಿದರೆ ಎಲ್ಲರಿಗೂ ಎಲ್ಲರ ಮುಖ ಗೊತ್ತು, ಯಾರ ಹೆಸರೂ ಗೊತ್ತಿಲ್ಲ ಎಂಬಂತಾಗುತ್ತದೆ. ಹಿರಿಯರ ಹೆಸರು ಪಟ್ಟಿಯಲ್ಲಿರಲಿ, ಭೇಟಿ ಹಗಲಲ್ಲಿ ತೆರೆದ ಜಾಗದಲ್ಲಿರಲಿ. ರ‍್ಯಾಗಿಂಗ್‌ಗೆ ಎಡೆ ಕೊಡದಿರಲು ಇಷ್ಟು ಬೇಕೇ ಬೇಕು.

ವಿದ್ಯಾರ್ಥಿ ಸಂಘಗಳನ್ನು ಕೊಲ್ಲುವುದು ನಿರಾಸಕ್ತಿಗಿಂತ ಹೆಚ್ಚಾಗಿ ಸಹಿಗಳು. ಒಂದು ಕೋಣೆಗೆ ವಿಭಾಗ ಮುಖ್ಯಸ್ಥರು, ಕ್ಷೇಮಪಾಲಕರು, ಎಸ್ಟೇಟ್ ವಿಭಾಗ, ಭದ್ರತೆ ಎಂದು ಅಲೆದಾಡಿಸಿದರೆ ಎರಡನೇ ಸಲ ಯಾರೂ ಬರುವುದಿಲ್ಲ. ಒಂದು ಅರ್ಜಿ, ಒಂದು ಸಹಿ, 48 ಗಂಟೆಯಲ್ಲಿ ಉತ್ತರ. ಉತ್ತರ ಬಾರದಿದ್ದರೆ ಒಪ್ಪಿಗೆ ಎಂದೇ ಅರ್ಥ. ಹಣದ ವಿಷಯದಲ್ಲಿ 'ಮೊದಲು ಖರ್ಚು ಮಾಡಿ, ಬಿಲ್ಲು ಕೊಡಿ, ಆಮೇಲೆ ಕೊಡುತ್ತೇವೆ' ಎಂಬ ಪದ್ಧತಿ ಬಿಡಿ. ಕೈಯಲ್ಲಿ ಕಾಸಿರುವವರು ಮಾತ್ರ ಮುಂದಾಳುಗಳಾಗುವುದು ಇದರಿಂದಲೇ. ಸಣ್ಣ ಮುಂಗಡ ಕೊಟ್ಟು, ಲೆಕ್ಕ ಒಪ್ಪಿಸಿದವರಿಗಷ್ಟೇ ಮುಂದಿನ ಮುಂಗಡ ಕೊಡಿ. ಕೊನೆ ವರ್ಷದವರು ಹೊರಡುವ ಎರಡು ತಿಂಗಳ ಮುಂಚೆ ಹೊಸ ಪದಾಧಿಕಾರಿಗಳು ಬರಲಿ. ಫೋನ್ ಸಂಖ್ಯೆಗಳು, ಲೆಕ್ಕಪತ್ರ, ಪಾಸ್‌ವರ್ಡ್ ಕೈಬದಲಾಗಲು ಅಷ್ಟು ಹೊತ್ತು ಬೇಕು. ಇನ್ನು ಎಲ್ಲ ಕಾರ್ಯಕ್ರಮಗಳೂ ಸಂಜೆ ಆರಕ್ಕೆ ಎಂದಾದರೆ ಅವು ಹಾಸ್ಟೆಲಿನವರ ಕಾರ್ಯಕ್ರಮಗಳು. ದೂರದಿಂದ ಬಸ್ಸಿನಲ್ಲಿ ಬರುವವರಿಗೆ ಮಧ್ಯಾಹ್ನದ ಬಿಡುವಿನ ಗಂಟೆ ಒಂದೇ ಗತಿ, ಜೊತೆಗೆ ಭಾರದ ಬ್ಯಾಗು ಇಡಲು ಲಾಕರ್ ಕೊಡಿ.

ಹಣ ಖರ್ಚು ಮಾಡುವ ಕ್ರಮ ಹೀಗಿರಲಿ. ಮೊದಲ ತಿಂಗಳು ಎಣಿಕೆ, ಜೊತೆಗೆ ಖರ್ಚಿಲ್ಲದ ಬದಲಾವಣೆಗಳು: ಬೀಗದ ಸಮಯ, ಕಾವಲಿನವರಿಗೆ ಸೂಚನೆ, ಕೋಣೆಯ ನಿಯಮ. ಬಿಡುವಿನ ಗಂಟೆಯ ಆದೇಶವನ್ನೂ ಆಗಲೇ ಹೊರಡಿಸಿ, ಅದು ಮುಂದಿನ ಸೆಮಿಸ್ಟರಿನಿಂದ ಜಾರಿಯಾಗಲಿ. ಮುಂದಿನ ಎರಡು ತಿಂಗಳು ಎತ್ತಿಡಬಹುದಾದ ಕುರ್ಚಿ ಮೇಜುಗಳನ್ನು ಬೇರೆ ಬೇರೆ ಕಡೆ ಇಟ್ಟು ಯಾವ ಜಾಗ ಹಿಡಿಯುತ್ತದೆ ಎಂದು ನೋಡಿ. ಹಿಡಿದ ಜಾಗದಲ್ಲಿ ಮಾತ್ರ ಕಲ್ಲಿನ ಬೆಂಚು, ಚಾವಣಿ, ದೀಪ ಕಟ್ಟಿಸಿ. ಮೂರನೇ ಒಂದು ಪಾಲನ್ನು ದುರಸ್ತಿಗೆಂದೇ ತೆಗೆದಿಡಿ. ಮುರಿದ ಬೆಂಚು, ಸೋರುವ ನಲ್ಲಿ ಒಂದು ವಾರದಲ್ಲಿ ಸರಿಯಾಗಬೇಕು, ಹಾಗೇ ಬಿಟ್ಟರೆ ಅದರ ಸುತ್ತಲಿನ ಜಾಗವೂ ಜನರ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಒಂದು ವರ್ಷದ ನಂತರ ಅದೇ ತಿಂಗಳ ಅದೇ ವಾರ, ಅದೇ ಹಾದಿಯಲ್ಲಿ ಮತ್ತೆ ಎಣಿಸಿ. ಒಟ್ಟು ಸಂಖ್ಯೆಗಿಂತ ಎರಡು ಅಂಕಿಗಳ ಮೇಲೆ ಕಣ್ಣಿಡಿ: ಕೊನೆಯ ಪೀರಿಯಡ್ ಮುಗಿದ ಒಂದು ಗಂಟೆಯ ಮೇಲೂ ಕೂತಿರುವವರು ಎಷ್ಟು, ಅವರಲ್ಲಿ ಹುಡುಗಿಯರ ಪಾಲೆಷ್ಟು. ದಾಖಲಾತಿಯಲ್ಲಿ ಅವರು ಅರ್ಧದಷ್ಟಿದ್ದು ಸಂಜೆ ಕೂತವರಲ್ಲಿ ನಾಲ್ಕನೇ ಒಂದು ಪಾಲು ಮಾತ್ರ ಕಂಡರೆ, ಹೊಸ ಕಾರ್ಯಕ್ರಮ ಯೋಚಿಸುವ ಮೊದಲು ಶೌಚಾಲಯದ ಬೀಗ, ಗೇಟಿನ ದಾರಿಯ ದೀಪ, ಕೊನೆಯ ಬಸ್ಸಿನ ಸಮಯ ಈ ಮೂರನ್ನು ಪರೀಕ್ಷಿಸಿ.